ಬೀಳ್ಕೊಡುಗೆಗೆ ಬರೆದ ಹಾಡು ಮದುವೆ ಮನೆಗೆ ಬಂದದ್ದು ಹೇಗೆ?

ಆರತಕ್ಷತೆಯ ಆರ್ಕೆಸ್ಟ್ರಾದಲ್ಲಿ ಹಳೆಯ ಕನ್ನಡ ಹಾಡುಗಳು ಮುಗಿದಿದ್ದವು. ಹಿಂದಿ ಹಾಡುಗಳೂ ಆದವು. ಆಮೇಲೆ ಒಬ್ಬ ಹುಡುಗಿ ಮೈಕ್ ಹಿಡಿದಳು. ವಾದ್ಯದವರು ಕೈಕಟ್ಟಿ ನಿಂತರು. ಬರೀ ಅವಳ ದನಿ. ಊಟಕ್ಕೆ ಹೊರಟಿದ್ದವರೂ ಒಂದು ಗಳಿಗೆ ನಿಂತು ತಿರುಗಿ ನೋಡಿದರು. ಅವಳು ಹಾಡಿದ್ದು 'ಐ ವಿಲ್ ಆಲ್ವೇಸ್ ಲವ್ ಯೂ'. ಎಂದೆಂದೂ ನಿನ್ನನ್ನು ಪ್ರೀತಿಸುತ್ತಲೇ ಇರುತ್ತೇನೆ ಅಂತ ಅರ್ಥ. ಮದುಮಕ್ಕಳು ಕೈ ಕೈ ಹಿಡಿದು ಕೇಳುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಕೇಳಿದರು, "ಎಷ್ಟು ಚೆನ್ನಾಗಿದೆ ಅಲ್ವಾ? ಯಾವ ಸಿನಿಮಾದ್ದು?"

'ದಿ ಬಾಡಿಗಾರ್ಡ್' ಎಂದು ಸಿನಿಮಾದ ಹೆಸರು ಹೇಳಿದೆ. ಆದರೆ ಅದು ಅರ್ಧ ಉತ್ತರ ಅಂತ ನನಗೇ ಗೊತ್ತಿತ್ತು. ಸಿನಿಮಾ ಬರುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಈ ಹಾಡು ಇತ್ತು. ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಹುಟ್ಟಿದ ಹಾಡು ಇದು. ಬರೆದವರು ಡಾಲಿ ಪಾರ್ಟನ್ ಎಂಬ ಹೆಣ್ಣುಮಗಳು. ತನ್ನನ್ನು ಬೆಳೆಸಿದ ಹಿರಿಯ ಕಲಾವಿದನಿಗೆ "ನಾನಿನ್ನು ಹೊರಡುತ್ತೇನೆ" ಎಂದು ಹೇಳಲು ಅವರು ಇದನ್ನು ಬರೆದರು.

ಈ ಕಥೆಯನ್ನು ಈಗ ಹೇಳಬೇಕೆನಿಸಲು ಇನ್ನೊಂದು ಕಾರಣವೂ ಇದೆ. ಹಳೆಯ ಹಾಡಿನ ತುಣುಕು ಹೊಸ ಸಿನಿಮಾದಲ್ಲಿ ಬಂತು, ನೋಟಿಸ್ ಹೋಯಿತು ಎಂಬ ಸುದ್ದಿ ಈಚೆಗೆ ಜಾಸ್ತಿ. ರೀಲ್ಸ್‌ಗೆ ಹಾಡು ಹಾಕಿದರೆ ದನಿಯೇ ಮಾಯವಾಗುತ್ತದೆ. ಹಾಗಾದರೆ ಒಂದು ಹಾಡು ಯಾರದು? ಬರೆದವರದಾ, ಹಾಡಿದವರದಾ, ದುಡ್ಡು ಹಾಕಿದವರದಾ? ಇದನ್ನು ಅರ್ಥಮಾಡಿಕೊಳ್ಳಲು ಈ ಒಂದು ಹಾಡಿನ ಬದುಕನ್ನು ನೋಡಿದರೆ ಸಾಕು.

ಕಂಟ್ರಿ ಅಂದರೆ ಯಾವ ಸಂಗೀತ?

'ಕಂಟ್ರಿ' ಅಂದ ಕೂಡಲೇ ನಮಗೆ ದೇಶ ನೆನಪಾಗುತ್ತದೆ. ಇಲ್ಲಿ ಆ ಪದಕ್ಕೆ ಹಳ್ಳಿಗಾಡು ಎಂಬ ಅರ್ಥ. ಅಮೆರಿಕದ ದಕ್ಷಿಣ ಭಾಗದ ರೈತರು, ಗಣಿ ಕೆಲಸದವರು, ಗಿರಣಿ ಕೆಲಸದವರು ಮನೆ ಜಗಲಿಯಲ್ಲಿ, ಚರ್ಚಿನಲ್ಲಿ, ಕುಣಿತದ ಕೂಟಗಳಲ್ಲಿ ಹಾಡಿಕೊಂಡು ಬಂದ ಸಂಗೀತ ಇದು. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡಿನಿಂದ ವಲಸೆ ಬಂದವರು ತಮ್ಮ ಕಥನಗೀತೆಗಳನ್ನೂ ಪಿಟೀಲನ್ನೂ ತಂದರು. ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ನೆನಪಿನಿಂದ ಬ್ಯಾಂಜೋ ಎಂಬ ತಂತಿವಾದ್ಯ ಬಂತು. ಎರಡೂ ಬೆರೆತವು.

ನಮ್ಮ ಜನಪದ ಗೀತೆಗಳ ಹಾಗೆ ಅಂತ ಅನ್ನಿಸಬಹುದು. ಬೇರು ಅಂಥದ್ದೇ. ಆದರೆ ಒಂದು ವ್ಯತ್ಯಾಸ ಇದೆ. ಬೀಸುವ ಕಲ್ಲಿನ ಪದ ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಕಂಟ್ರಿ ಹಾಡಿಗೆ ಮಾತ್ರ ಬರೆದವರ ಹೆಸರಿದೆ, ಹಕ್ಕಿದೆ, ಮಾರುಕಟ್ಟೆಯಿದೆ. 1925ರಲ್ಲಿ ಟೆನೆಸಿ ರಾಜ್ಯದ ನ್ಯಾಷ್‌ವಿಲ್ ಊರಿನ ರೇಡಿಯೋ ಕೇಂದ್ರವೊಂದು ಈ ಸಂಗೀತವನ್ನು ಪ್ರತಿ ವಾರ ಪ್ರಸಾರ ಮಾಡಲು ಶುರುಮಾಡಿತು. ಅದೇ ಮುಂದೆ 'ಗ್ರ್ಯಾಂಡ್ ಓಲ್ ಓಪ್ರಿ' ಎಂದು ಹೆಸರಾಯಿತು. ಇವತ್ತಿಗೂ ನಡೆಯುತ್ತಿದೆ. 1927ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ರೆಕಾರ್ಡ್ ಕಂಪನಿಯವರು ಸುತ್ತಲಿನ ಹಳ್ಳಿಗಳ ಹಾಡುಗಾರರನ್ನು ಕರೆಸಿ ಧ್ವನಿಮುದ್ರಣ ಮಾಡಿದರು. ಅಲ್ಲಿಂದ ಅದೊಂದು ಉದ್ಯಮವೇ ಆಯಿತು. ನ್ಯಾಷ್‌ವಿಲ್ ಅದರ ರಾಜಧಾನಿ. ನಮ್ಮಲ್ಲಿ ಸಿನಿಮಾ ಕನಸು ಕಟ್ಟಿಕೊಂಡವರು ಗಾಂಧಿನಗರಕ್ಕೆ ಬರುತ್ತಿದ್ದರಲ್ಲ, ಅಲ್ಲಿ ಹಾಡಿನ ಕನಸಿನವರು ನ್ಯಾಷ್‌ವಿಲ್‌ಗೆ ಹೋಗುತ್ತಾರೆ.

ಹಾರ್ಲನ್ ಹವರ್ಡ್ ಎಂಬ ಗೀತರಚನಕಾರರು ಈ ಸಂಗೀತವನ್ನು 'ಮೂರು ಕಾರ್ಡ್ ಮತ್ತು ಸತ್ಯ' ಎಂದು ಕರೆದಿದ್ದರು. ಕಾರ್ಡ್ ಅಂದರೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೇ ನುಡಿಸಿದಾಗ ಬರುವ ನಾದ. ಗಿಟಾರ್ ಕಲಿಯುವವರು ಮೊದಲ ತಿಂಗಳಲ್ಲೇ ಮೂರು ಕಾರ್ಡ್ ಕಲಿಯುತ್ತಾರೆ. ಸಂಗೀತ ಅಷ್ಟು ಸರಳ ಇರಲಿ, ಮಾತು ಮಾತ್ರ ಬದುಕಿನಿಂದ ಬಂದಿರಲಿ ಅನ್ನುವುದು ಆ ಮಾತಿನ ಅರ್ಥ. ನಮ್ಮ ಹಾಡಿಗೆ ಈ ಅಳತೆ ಚೆನ್ನಾಗಿ ಹೊಂದುತ್ತದೆ.

ಮೆಕ್ಕೆಜೋಳದ ಹಿಟ್ಟು ಕೊಟ್ಟು ಹೆರಿಗೆ

ಡಾಲಿ ಪಾರ್ಟನ್ ಹುಟ್ಟಿದ್ದು 1946ರ ಜನವರಿ 19ರಂದು, ಟೆನೆಸಿಯ ಸ್ಮೋಕಿ ಬೆಟ್ಟಗಳ ಮಡಿಲಲ್ಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡಲು ಅಪ್ಪನ ಹತ್ತಿರ ದುಡ್ಡಿರಲಿಲ್ಲ. ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಅಮ್ಮ ಹಳೆಯ ಕಥನಗೀತೆಗಳನ್ನು ಹಾಡುತ್ತಿದ್ದರು. ಸೋದರಮಾವ ಬಿಲ್ ಓವೆನ್ಸ್ ಈ ಹುಡುಗಿಯ ದನಿಯನ್ನು ಮೊದಲೇ ಗುರುತಿಸಿ, ಕಾರ್ಯಕ್ರಮಗಳಿಗೆ ಕರೆದುಕೊಂಡು ಹೋಗುತ್ತಿದ್ದರು.

1964ರಲ್ಲಿ ಹೈಸ್ಕೂಲು ಮುಗಿದ ಮಾರನೆಯ ದಿನವೇ ಡಾಲಿ ನ್ಯಾಷ್‌ವಿಲ್‌ಗೆ ಹೊರಟುಬಿಟ್ಟರು. ಎರಡು ವರ್ಷದಲ್ಲಿ ಮಾವನ ಜತೆ ಸೇರಿ ಒಂದು ಪುಟ್ಟ ಸಂಗೀತ ಪ್ರಕಾಶನ ಸಂಸ್ಥೆ ಕಟ್ಟಿಕೊಂಡರು. ಆಗ ಅವರಿಗೆ ಇಪ್ಪತ್ತು ವರ್ಷ. ಈ ಪ್ರಕಾಶನ ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಇಡೀ ಕಥೆ ಅದರ ಮೇಲೆ ತಿರುಗುತ್ತದೆ.

ಪೋರ್ಟರ್ ಅವರ ವೇದಿಕೆ, ಏಳು ವರ್ಷ

ಪೋರ್ಟರ್ ವ್ಯಾಗನರ್ ಆಗಿನ ಕಾಲದ ದೊಡ್ಡ ಕಂಟ್ರಿ ತಾರೆ. 1960ರಿಂದ ಅವರದೇ ಟಿವಿ ಕಾರ್ಯಕ್ರಮ ನಡೆಯುತ್ತಿತ್ತು. ಥಳಥಳ ಹೊಳೆಯುವ ಕೋಟು, ಅದರ ಮೇಲೆ ಗಾಡಿ ಚಕ್ರದ ಕಸೂತಿ. 'ವ್ಯಾಗನ್' ಅಂದರೆ ಗಾಡಿ ತಾನೇ, ತಮ್ಮ ಹೆಸರನ್ನೇ ಅಂಗಿಯ ಮೇಲೆ ಹೊತ್ತು ತಿರುಗುತ್ತಿದ್ದರು.

ಅವರ ಕಾರ್ಯಕ್ರಮದಲ್ಲಿ ನಾರ್ಮಾ ಜೀನ್ ಎಂಬ ಗಾಯಕಿ ಇದ್ದರು. ಜನಕ್ಕೆ ಅವರೆಂದರೆ ಪ್ರಾಣ. 1967ರಲ್ಲಿ ಅವರು ಬಿಟ್ಟು ಹೋದಾಗ ಆ ಜಾಗಕ್ಕೆ ಡಾಲಿ ಬಂದರು. ಮೊದಮೊದಲು ಸಭೆಯಲ್ಲಿ ಕೂತವರು "ನಾರ್ಮಾ ಜೀನ್ ಎಲ್ಲಿ?" ಎಂದು ಕೂಗುತ್ತಿದ್ದರು. ಪೋರ್ಟರ್ ಡಾಲಿಯ ಪಕ್ಕ ನಿಂತು ಯುಗಳಗೀತೆ ಹಾಡತೊಡಗಿದರು. ಜನ ನಿಧಾನಕ್ಕೆ ಒಪ್ಪಿಕೊಂಡರು. ತಾವು ಹಾಡುತ್ತಿದ್ದ ಆರ್‌ಸಿಎ ಎಂಬ ದೊಡ್ಡ ರೆಕಾರ್ಡ್ ಕಂಪನಿಗೂ ಡಾಲಿಯನ್ನು ಸೇರಿಸಿದ್ದು ಪೋರ್ಟರ್ ಅವರೇ. ಅವರ ಋಣ ದೊಡ್ಡದು. ಡಾಲಿ ಎಂದೂ ಅದನ್ನು ಅಲ್ಲಗಳೆದಿಲ್ಲ.

ಆದರೆ ಡಾಲಿ ಬಂದಾಗ ಐದು ವರ್ಷ ಇರುತ್ತೇನೆ ಅಂದಿದ್ದರು. ಐದು ಮುಗಿದು ಆರಾಯಿತು, ಏಳಕ್ಕೆ ಬಂತು. ಅವರಿಗೆ ತಮ್ಮದೇ ತಂಡ, ತಮ್ಮದೇ ದಾರಿ ಬೇಕಿತ್ತು. ಪೋರ್ಟರ್ ಬಿಡಲು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಒಂದೇ ಮನೆಯಲ್ಲಿ ಬೆಳೆದು ದೊಡ್ಡವನಾದ ತಮ್ಮ ತನ್ನ ಪಾಲು ಕೇಳಿದಾಗ ಅಣ್ಣನಿಗೆ ಆಗುತ್ತದಲ್ಲ, ಅಂಥ ಸಂಕಟ ಅದು. ಇಬ್ಬರ ಕಡೆಗೂ ನ್ಯಾಯ ಇರುತ್ತದೆ, ಆದರೂ ಜಗಳ ನಿಲ್ಲುವುದಿಲ್ಲ.

ಮಾತಿನಲ್ಲಿ ಹೇಳಲು ಆಗದ್ದನ್ನು ಹಾಡಿನಲ್ಲಿ ಹೇಳೋಣ ಅಂದುಕೊಂಡರು ಡಾಲಿ. 1973ರಲ್ಲಿ ಮನೆಗೆ ಹೋಗಿ ಬರೆದರು. ಮಾರನೆಯ ದಿನ ಪೋರ್ಟರ್ ಅವರ ಕಚೇರಿಗೆ ಹೋಗಿ, ಕೂರಿಸಿ, ಗಿಟಾರ್ ಹಿಡಿದು ಹಾಡಿದರು. ಡಾಲಿ ಆಮೇಲೆ ಅನೇಕ ಸಂದರ್ಶನಗಳಲ್ಲಿ ಹೇಳಿರುವಂತೆ, ಪೋರ್ಟರ್ ಅತ್ತುಬಿಟ್ಟರು. ನೀನು ಬರೆದದ್ದರಲ್ಲೇ ಇದು ಚೆಂದದ ಹಾಡು, ನೀನು ಹೋಗಬಹುದು, ಆದರೆ ಈ ಹಾಡಿನ ರೆಕಾರ್ಡನ್ನು ನಾನೇ ಮಾಡಿಸಬೇಕು ಎಂದರು.

1973ರ ಜೂನ್‌ನಲ್ಲಿ ನ್ಯಾಷ್‌ವಿಲ್‌ನಲ್ಲಿ ಧ್ವನಿಮುದ್ರಣ ಆಯಿತು. 1974ರಲ್ಲಿ ಹಾಡು ಹೊರಬಂತು. ಆ ವರ್ಷದ ಜೂನ್‌ನಲ್ಲಿ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಡಾಲಿ ಪೋರ್ಟರ್ ಅವರ ಕಾರ್ಯಕ್ರಮ ಬಿಟ್ಟರು.

ಈ 'ಪಟ್ಟಿ' ಏನೆಂದು ಒಂದು ಮಾತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಪ್ರತಿ ವಾರ ಯಾವ ಹಾಡು ಎಷ್ಟು ಮಾರಾಟವಾಯಿತು, ರೇಡಿಯೋದಲ್ಲಿ ಎಷ್ಟು ಬಂತು ಎಂದು ಲೆಕ್ಕ ಹಾಕಿ ಪಟ್ಟಿ ಮಾಡುತ್ತದೆ. ಕಂಟ್ರಿ ಹಾಡಿಗೆ ಒಂದು ಪಟ್ಟಿ. ಎಲ್ಲ ಬಗೆಯ ಹಾಡು ಸೇರಿದ ನೂರರ ಪಟ್ಟಿ ಇನ್ನೊಂದು. ಜಿಲ್ಲಾ ಮಟ್ಟ, ರಾಜ್ಯ ಮಟ್ಟ ಅನ್ನುತ್ತೇವಲ್ಲ, ಹಾಗೆ. 1974ರಲ್ಲಿ ಹಾಡು ಗೆದ್ದದ್ದು ತನ್ನ ಜಿಲ್ಲೆಯಲ್ಲಿ.

ಹಾಡು ನಿಜಕ್ಕೂ ಏನು ಹೇಳುತ್ತದೆ?

ಮೊದಲ ಸಾಲುಗಳ ಭಾವ ಹೀಗಿದೆ. ನಾನು ಇಲ್ಲೇ ಉಳಿದರೆ ನಿನ್ನ ದಾರಿಗೆ ಅಡ್ಡವಾಗುತ್ತೇನೆ. ಅದಕ್ಕೇ ಹೊರಡುತ್ತೇನೆ. ಹೆಜ್ಜೆ ಹೆಜ್ಜೆಗೂ ನಿನ್ನ ನೆನಪು ಮಾಡಿಕೊಳ್ಳುತ್ತೇನೆ. ಎರಡನೆಯ ಚರಣದಲ್ಲಿ, ಸಿಹಿಕಹಿ ನೆನಪುಗಳಷ್ಟೇ ನನ್ನ ಜತೆ ಬರುತ್ತವೆ, ಅಳಬೇಡ, ನಾನು ನಿನಗೆ ಬೇಕಾದವಳಲ್ಲ ಅಂತ ನಮಗಿಬ್ಬರಿಗೂ ಗೊತ್ತು ಎಂಬ ಮಾತು. ಮೂರನೆಯದು ಹಾರೈಕೆ. ಬದುಕು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ನೀನು ಕಂಡ ಕನಸೆಲ್ಲ ಸಿಗಲಿ, ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿ ಸಿಗಲಿ.

ಡಾಲಿ ತಮ್ಮ ಮೂಲ ರೆಕಾರ್ಡಿನಲ್ಲಿ ಈ ಮೂರನೆಯ ಚರಣವನ್ನು ಹಾಡುವುದಿಲ್ಲ. ಮಾತಾಡುತ್ತಾರೆ. ಹಿಂದೆ ಗಿಟಾರ್ ಮೆಲ್ಲಗೆ ನುಡಿಯುತ್ತಿರುತ್ತದೆ, ಅವರು ಎದುರಿಗೆ ಕೂತವರಿಗೆ ಹೇಳುವ ಹಾಗೆ ಹೇಳುತ್ತಾರೆ. ಹಾಡಿನ ನಡುವೆ ಹೀಗೆ ಮಾತಾಡುವುದು ಕಂಟ್ರಿಯ ಹಳೆಯ ಪದ್ಧತಿ. ಇಡೀ ಹಾಡು ಮೂರು ನಿಮಿಷವೂ ಇಲ್ಲ. ಒಮ್ಮೆ ಕೇಳಿ ನೋಡಿ. ದನಿ ಎತ್ತುವುದೇ ಇಲ್ಲ. ಬಾಗಿಲ ಬಳಿ ನಿಂತು ಹೋಗಿಬರುತ್ತೇನೆ ಅನ್ನುವವರ ದನಿ ಅದು.

ಕನ್ನಡದವರಿಗೆ ಈ ಭಾವ ಹೊಸದಲ್ಲ. ತವರು ಬಿಟ್ಟು ಹೋದ ಹೆಣ್ಣುಮಗಳು ಅದೇ ತವರನ್ನು ಹರಸುವ ತ್ರಿಪದಿ ನಮ್ಮಲ್ಲಿದೆ. ಹೊಳೆದಂಡೆಯ ಕರಿಕೆ ಹಬ್ಬಿದ ಹಾಗೆ ನನ್ನವರ ಬಳ್ಳಿ ಹಬ್ಬಲಿ ಅನ್ನುತ್ತಾಳೆ. ಹೋಗುವುದು ಖಂಡಿತ. ಪ್ರೀತಿಯೂ ಖಂಡಿತ. ಒಂದಕ್ಕೊಂದು ಅಡ್ಡಿಯಿಲ್ಲ. ಡಾಲಿಯ ಹಾಡು ನಿಂತಿರುವುದೂ ಇದೇ ನೆಲದ ಮೇಲೆ.

ಹಾಗಿದ್ದೂ ಮದುವೆಗಳಲ್ಲಿ ಯಾಕೆ ಹಾಡುತ್ತಾರೆ? ಕಾರಣ ಸರಳ. ಪಲ್ಲವಿಯಲ್ಲಿ ಇರುವುದು ಒಂದೇ ಮಾತು, ಅದೇ ಹಾಡಿನ ಹೆಸರು. ಅದನ್ನು ಮತ್ತೆ ಮತ್ತೆ ಹಾಡುತ್ತಾರೆ. ಕಿವಿಯಲ್ಲಿ ಉಳಿಯುವುದು ಅದೇ. ಚರಣಗಳಲ್ಲಿ ಏನಿದೆ ಎಂದು ಗಮನಿಸುವವರು ಕಡಿಮೆ. ಇಂಗ್ಲಿಷ್ ತಾಯ್ನುಡಿಯಾದವರೇ ಗಮನಿಸುವುದಿಲ್ಲ ಅಂದ ಮೇಲೆ ನಮ್ಮ ಚಿಕ್ಕಮ್ಮನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ತಪ್ಪು ಅನ್ನುವುದಕ್ಕೂ ನನಗೆ ಮನಸ್ಸಿಲ್ಲ. ಹಾಡು ಒಮ್ಮೆ ಮನೆಯಿಂದ ಹೊರಟ ಮೇಲೆ ಜನ ತಮಗೆ ಬೇಕಾದ ಅರ್ಥ ಕೊಟ್ಟುಕೊಳ್ಳುತ್ತಾರೆ.

ಎಲ್ವಿಸ್ ಕೇಳಿದರು, ಡಾಲಿ ಕೊಡಲಿಲ್ಲ

ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಘಟನೆ ಇದು. ಹಾಡು ಹೊರಬಂದ ಮೇಲೆ ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಲು ಬಯಸಿದರು. ಆಗಿನ ಕಾಲಕ್ಕೆ ಎಲ್ವಿಸ್ ಅಂದರೆ ಸಂಗೀತ ಲೋಕದ ಅರಸ. ಡಾಲಿಗೆ ಆಕಾಶ ಮೂರೇ ಗೇಣು. ಮನೆಯವರಿಗೂ ಗೆಳೆಯರಿಗೂ ಹೇಳಿಕೊಂಡು ಬಂದರು.

ಧ್ವನಿಮುದ್ರಣದ ಹಿಂದಿನ ದಿನ ಎಲ್ವಿಸ್ ಅವರ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಮಾಡಿದರು. ಎಲ್ವಿಸ್ ಹಾಡಬೇಕಾದರೆ ಪ್ರಕಾಶನದ ಹಕ್ಕಿನಲ್ಲಿ ಅರ್ಧ ನಮಗೆ ಬೇಕು, ನಮ್ಮಲ್ಲಿ ಅದೇ ಪದ್ಧತಿ ಎಂದರು. ಡಾಲಿ ಆಗುವುದಿಲ್ಲ ಎಂದರು. ರಾತ್ರಿಯೆಲ್ಲ ಅತ್ತರಂತೆ. ನಿನಗೆ ತಲೆ ಕೆಟ್ಟಿದೆಯಾ ಎಂದು ಸುತ್ತಲಿನವರು ಕೇಳಿದರಂತೆ. ಎಲ್ವಿಸ್ ಆ ಹಾಡಿನ ರೆಕಾರ್ಡ್ ಮಾಡಲೇ ಇಲ್ಲ. 1977ರಲ್ಲಿ ತೀರಿಕೊಂಡರು.

ಪ್ರಕಾಶನದ ಹಕ್ಕು ಅಂದರೆ ಏನು, ಅದಕ್ಕಾಗಿ ಎಲ್ವಿಸ್ ಅಂಥವರನ್ನು ಯಾಕೆ ಬಿಟ್ಟರು?

ನಾವು 'ಹಾಡು' ಅನ್ನುವುದು ಕಾನೂನಿನ ಕಣ್ಣಿಗೆ ಎರಡು ಆಸ್ತಿ. ಒಂದು, ಸಾಹಿತ್ಯ ಮತ್ತು ರಾಗ. ಅದು ಕಾಗದದ ಮೇಲಿನ ಹಾಡು. ಇನ್ನೊಂದು, ಅದನ್ನು ಯಾರೋ ಹಾಡಿ ಮುದ್ರಿಸಿದ ಧ್ವನಿ. ಹೊಲ ಮತ್ತು ಬೆಳೆ ಇದ್ದ ಹಾಗೆ. ಹೊಲ ಒಂದೇ. ಅದರಲ್ಲಿ ಈ ವರ್ಷ ಒಬ್ಬರು ಬೆಳೆ ತೆಗೆಯಬಹುದು, ಮುಂದಿನ ವರ್ಷ ಇನ್ನೊಬ್ಬರು. ಬೆಳೆ ತೆಗೆದವರಿಗೆ ತಮ್ಮ ಬೆಳೆಯ ದುಡ್ಡು. ಆದರೆ ಯಾರು ಉತ್ತರೂ ಹೊಲದ ಒಡೆಯರಿಗೆ ಗೇಣಿ ಬಂದೇ ಬರುತ್ತದೆ. ಆ ಗೇಣಿಗೆ ಇಲ್ಲಿ ರಾಯಲ್ಟಿ ಎನ್ನುತ್ತಾರೆ.

ಹೊಲದ ಗೇಣಿಯಲ್ಲಿ ಸಾಮಾನ್ಯವಾಗಿ ಎರಡು ಪಾಲು. 100 ರೂಪಾಯಿ ಬಂದರೆ 50 ಬರೆದವರಿಗೆ, 50 ಪ್ರಕಾಶಕರಿಗೆ. ಪ್ರಕಾಶಕರು ಅಂದರೆ ಹಾಡಿನ ಹಕ್ಕುಗಳನ್ನು ನೋಡಿಕೊಳ್ಳುವವರು, ಬೇರೆಯವರಿಗೆ ಅನುಮತಿ ಕೊಡುವವರು, ದುಡ್ಡು ವಸೂಲಿ ಮಾಡುವವರು. ಬರೆದವರದೇ ಪ್ರಕಾಶನವೂ ಆದರೆ 100ಕ್ಕೆ 100 ಮನೆಗೆ ಬರುತ್ತದೆ. ಇಪ್ಪತ್ತನೆಯ ವಯಸ್ಸಿಗೇ ಡಾಲಿ ಮಾವನ ಜತೆ ಪ್ರಕಾಶನ ಸಂಸ್ಥೆ ಕಟ್ಟಿದ್ದರ ಬೆಲೆ ಇಲ್ಲಿದೆ.

ಪಾರ್ಕರ್ ಕೇಳಿದ್ದು ಪ್ರಕಾಶಕರ 50ರಲ್ಲಿ ಅರ್ಧ. ಅಂದರೆ 100ಕ್ಕೆ 25. ಕೇಳಲು ಸಣ್ಣದೇ. ಆದರೆ ಅದು ಎಲ್ವಿಸ್ ಹಾಡಿದ ರೆಕಾರ್ಡಿಗೆ ಮಾತ್ರ ಕೊಡುವ ಪಾಲಲ್ಲ. ಮುಂದೆ ಯಾರೇ ಹಾಡಲಿ, ಯಾವ ಸಿನಿಮಾಕ್ಕೇ ಹೋಗಲಿ, ಆ ಹೊಲದ ಪಹಣಿಯಲ್ಲಿ ಇನ್ನೊಂದು ಹೆಸರು ಸೇರಿಬಿಡುತ್ತದೆ. ಒಂದು ವರ್ಷದ ಗುತ್ತಿಗೆ ಕೇಳಿದವರಿಗೆ ಜಮೀನಿನ ಪಾಲನ್ನೇ ಬರೆದುಕೊಡುವ ಹಾಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಹಾಡು ರೆಕಾರ್ಡಾಗಿ ಒಮ್ಮೆ ಹೊರಬಂದ ಮೇಲೆ, ಅಮೆರಿಕದಲ್ಲಿ ಅದನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಲು ಬರೆದವರ ಒಪ್ಪಿಗೆ ಬೇಕಿಲ್ಲ. ಕಾನೂನು ಗೊತ್ತುಮಾಡಿದ ದರ ಕೊಟ್ಟರೆ ಸಾಕು. 1909ರ ಕಾನೂನಿನಲ್ಲೇ ಈ ದಾರಿ ಇದೆ. ಎಲ್ವಿಸ್ ಕೂಡ ಹಾಗೆ ಹಾಡಬಹುದಿತ್ತು. ತಡೆದದ್ದು ಕಾನೂನಲ್ಲ, ಪಾಲು ಸಿಗದ ಹೊಸ ಹಾಡನ್ನು ಎಲ್ವಿಸ್‌ಗೆ ಕೊಡುವುದಿಲ್ಲ ಎಂಬ ಪಾರ್ಕರ್ ಅವರ ಪಟ್ಟು.

ಮಧ್ಯದ ವರ್ಷಗಳು

1975ರಲ್ಲಿ ಲಿಂಡಾ ರಾನ್‌ಸ್ಟಾಟ್ ಎಂಬ ಅಮೆರಿಕದ ಗಾಯಕಿ ಈ ಹಾಡನ್ನು ತಮ್ಮ ಆಲ್ಬಮ್‌ನಲ್ಲಿ ಹಾಡಿದರು. ಅವರು ಮೂರನೆಯ ಚರಣವನ್ನು ಬಿಟ್ಟಿದ್ದರು. ಈ ಸಣ್ಣ ಸಂಗತಿ ಮುಂದೆ ಮತ್ತೆ ಬರುತ್ತದೆ.

1982ರಲ್ಲಿ ಡಾಲಿ ತಾವು ನಟಿಸಿದ ಒಂದು ಸಿನಿಮಾಕ್ಕಾಗಿ ಹಾಡನ್ನು ಹೊಸದಾಗಿ ಹಾಡಿದರು. ಅದು ಮತ್ತೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಒಂದೇ ಹಾಡು, ಒಬ್ಬರೇ ಗಾಯಕಿ, ಎರಡು ಸಲ ಮೊದಲ ಸ್ಥಾನ. ಕಂಟ್ರಿಯಲ್ಲಿ ಅಲ್ಲಿಯ ತನಕ ಹಾಗಾಗಿರಲಿಲ್ಲ. ಎಲ್ಲ ಹಾಡುಗಳ ದೊಡ್ಡ ಪಟ್ಟಿಯಲ್ಲಿ ಮಾತ್ರ 53ಕ್ಕೇ ನಿಂತಿತು.

ವಿಟ್ನಿ ಹೂಸ್ಟನ್ ಹಾಡಿದಾಗ ಏನು ಬದಲಾಯಿತು?

'ದಿ ಬಾಡಿಗಾರ್ಡ್' ಸಿನಿಮಾ ಬಂದದ್ದು 1992ರ ನವೆಂಬರ್‌ನಲ್ಲಿ. ದೊಡ್ಡ ಗಾಯಕಿಯೊಬ್ಬಳು, ಅವಳ ಕಾವಲಿಗೆ ಬಂದ ಗಂಡಸು. ಇಬ್ಬರಿಗೂ ಪ್ರೀತಿ ಆಗುತ್ತದೆ, ಆದರೆ ಒಟ್ಟಿಗೆ ಬಾಳಲು ಆಗುವುದಿಲ್ಲ. ಆ ಗಾಯಕಿಯ ಪಾತ್ರ ಮಾಡಿದವರು ಆಗಲೇ ಹೆಸರುವಾಸಿ ಗಾಯಕಿಯಾಗಿದ್ದ ವಿಟ್ನಿ ಹೂಸ್ಟನ್. ಅವರಿಗೆ ಅದು ಮೊದಲ ಸಿನಿಮಾ. ನಾಯಕ ಕೆವಿನ್ ಕಾಸ್ಟ್ನರ್. ಕೊನೆಯ ಹಾಡಿಗೆಂದು ಮೊದಲು ಬೇರೊಂದು ಹಳೆಯ ಹಾಡನ್ನು ಆರಿಸಿದ್ದರು. ಅಷ್ಟರಲ್ಲಿ ಅದು ಇನ್ನೊಂದು ಸಿನಿಮಾದಲ್ಲಿ ಬಂದುಬಿಟ್ಟಿತು. ಆಗ ಡಾಲಿಯ ಹಾಡನ್ನು ಸೂಚಿಸಿದವರು ಕಾಸ್ಟ್ನರ್. ಕಥೆಗೆ ಅದು ಎಷ್ಟು ಹೊಂದಿತು ನೋಡಿ. ಪ್ರೀತಿಯಿದೆ, ಹೊರಡಲೇಬೇಕು. ಪೋರ್ಟರ್‌ಗೆಂದು ಬರೆದ ಮಾತು ಇಪ್ಪತ್ತು ವರ್ಷದ ನಂತರ ಇನ್ನೊಂದು ಅಗಲಿಕೆಗೆ ಸರಿಹೋಯಿತು.

ಸಂಗೀತ ಜೋಡಿಸಿದವರು ಡೇವಿಡ್ ಫಾಸ್ಟರ್. ಅವರ ಕೈಯಲ್ಲಿದ್ದದ್ದು ಲಿಂಡಾ ರಾನ್‌ಸ್ಟಾಟ್ ರೆಕಾರ್ಡ್. ಡಾಲಿಗೆ ಫೋನ್ ಮಾಡಿ ವಿಷಯ ಹೇಳಿದಾಗ, ಅದರಲ್ಲಿ ಕೊನೆಯ ಚರಣ ಇಲ್ಲ ಎಂದು ಡಾಲಿಯೇ ಎಚ್ಚರಿಸಿ ಆ ಸಾಲುಗಳನ್ನು ಕೊಟ್ಟರು. ಆ ಹಾರೈಕೆಯ ಚರಣ ಹಾಗೆ ಉಳಿಯಿತು.

ಈಗ ಹಾಡನ್ನೇ ಕೇಳೋಣ. ಮೊದಲ ಮುಕ್ಕಾಲು ನಿಮಿಷ ಒಂದೇ ಒಂದು ವಾದ್ಯವಿಲ್ಲ. ಹೀಗೆ ಶುರುವಾದರೆ ರೇಡಿಯೋದವರು ಹಾಕುವುದಿಲ್ಲ ಎಂಬ ಭಯ ಕೆಲವರಿಗಿತ್ತು. ಕಾಸ್ಟ್ನರ್ ಹಟ ಹಿಡಿದರು. ವಾದ್ಯವಿಲ್ಲದಾಗ ತಾಳವೂ ಇರುವುದಿಲ್ಲ. ಹಾಡುವವಳು ಎಲ್ಲಿ ಬೇಕಾದರೂ ನಿಲ್ಲಬಹುದು, ಉಸಿರು ಎಳೆದುಕೊಳ್ಳಬಹುದು. ನಮ್ಮಲ್ಲಿ ಕಚೇರಿಗಳಲ್ಲಿ ತಾಳವಿಲ್ಲದೆ ಉಗಾಭೋಗ ಹಾಡುವಾಗ ಸಭೆ ಗಪ್‌ಚಿಪ್ ಆಗುತ್ತದಲ್ಲ, ಅದೇ ಕಾರಣ ಇಲ್ಲೂ ಕೆಲಸ ಮಾಡುತ್ತದೆ.

ಎರಡನೆಯದು, ಒಂದೇ ಅಕ್ಷರದ ಮೇಲೆ ಅನೇಕ ಸ್ವರ. ಡಾಲಿ ಒಂದು ಅಕ್ಷರಕ್ಕೆ ಒಂದೆರಡು ಸ್ವರ ಕೊಟ್ಟು ಮುಂದೆ ಹೋಗುತ್ತಾರೆ. ವಿಟ್ನಿ 'ಐ' ಎಂಬ ಒಂದೇ ಅಕ್ಷರವನ್ನು ಎಳೆದು, ಬಾಗಿಸಿ, ಇಳಿಸಿ, ಮತ್ತೆ ಏರಿಸುತ್ತಾರೆ. ಇದು ಅವರಿಗೆ ಬಂದದ್ದು ಚರ್ಚಿನಿಂದ. ನ್ಯೂವಾರ್ಕ್ ನಗರದ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅವರ ತಾಯಿ ಸಿಸ್ಸಿ ಹೂಸ್ಟನ್ ಹಾಡುತ್ತಿದ್ದರು, ಹಾಡಿಸುತ್ತಿದ್ದರು. ಕಪ್ಪು ಜನರ ಚರ್ಚುಗಳ ಈ ಹಾಡುಗಾರಿಕೆಗೆ ಗಾಸ್ಪೆಲ್ ಎಂದು ಹೆಸರು. ಒಂದು ಮಾತನ್ನು ಮತ್ತೆ ಮತ್ತೆ ಹಿಡಿದು ಅದರೊಳಗಿನ ಭಾವವನ್ನೆಲ್ಲ ಹೊರಗೆ ತರುವ ರೀತಿ ಅದು. ಡಾಲಿಯ ಬೆಟ್ಟದ ಹಾಡಿಗೆ ನ್ಯೂವಾರ್ಕಿನ ಚರ್ಚು ಬಂದು ಸೇರಿತು.

ಮೂರನೆಯದು, ಎಲ್ಲರೂ ಕಾಯುವ ಆ ಕ್ಷಣ. ಕರ್ಕ್ ವೇಲಮ್ ಅವರ ಸ್ಯಾಕ್ಸಫೋನ್ ಮುಗಿಯುತ್ತದೆ. ಹಾಡು ಪೂರ್ತಿ ನಿಲ್ಲುತ್ತದೆ. ಒಂದು ಡ್ರಮ್ ಪೆಟ್ಟು. ಕೂಡಲೇ ಪಲ್ಲವಿ ಸಿಡಿಯುತ್ತದೆ, ಆದರೆ ಮೊದಲಿನ ಶ್ರುತಿಯಲ್ಲಲ್ಲ. ಪೂರ್ತಿ ಒಂದು ಸ್ವರ ಮೇಲಕ್ಕೆ ಹೋಗಿರುತ್ತದೆ. ನಮ್ಮ ಕಚೇರಿಯಲ್ಲಿ ತಂಬೂರಿ ಶ್ರುತಿ ಒಮ್ಮೆ ಕೂಡಿಸಿದರೆ ಮಂಗಳದ ತನಕ ಅದೇ. ಪಾಶ್ಚಾತ್ಯ ಹಾಡಿನಲ್ಲಿ ನಡುವೆ ಆಧಾರ ಶ್ರುತಿಯನ್ನೇ ಬದಲಿಸಬಹುದು. ಹಾಗೆ ಏರಿಸಿದಾಗ ನೆಲವೇ ಮೇಲೆದ್ದ ಹಾಗೆ ಅನ್ನಿಸುತ್ತದೆ. ಶ್ರುತಿ ಅಂದರೆ ಏನೆಂದು ತಿಳಿಯದವರಿಗೂ ಮೈ ಜುಮ್ಮೆನ್ನುವುದು ಅದಕ್ಕೇ.

ಹಾಡು ಅಮೆರಿಕದ ದೊಡ್ಡ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಆಗ ಅದು ದಾಖಲೆ. ಬ್ರಿಟನ್ನಿನಲ್ಲಿ 10 ವಾರ. 1994ರಲ್ಲಿ ವರ್ಷದ ರೆಕಾರ್ಡ್ ಎಂದು ಗ್ರ್ಯಾಮಿ ಪ್ರಶಸ್ತಿ ಬಂತು. ಸಿನಿಮಾದ ಹಾಡುಗಳ ಆಲ್ಬಮ್ ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಜಿಲ್ಲೆ ಗೆದ್ದಿದ್ದ ಹಾಡು ಈಗ ಜಗತ್ತನ್ನೇ ಗೆದ್ದಿತು.

ಡಾಲಿ ಇದನ್ನು ಮೊದಲು ಕೇಳಿದ್ದು ಕಾರು ಓಡಿಸುವಾಗ, ರೇಡಿಯೋದಲ್ಲಿ. ಮೊದಲ ಮಾತು ಕಿವಿಗೆ ಬಿದ್ದಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತಂತೆ. ಪಲ್ಲವಿ ಬಂದಾಗ ಎದೆ ಬಡಿತ ಜೋರಾಗಿ, ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದರಂತೆ. ಇಲ್ಲವಾದರೆ ಅಪಘಾತ ಮಾಡಿಬಿಡುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ.

ದುಡ್ಡು ಯಾರಿಗೆ, ಎಷ್ಟು?

ಹೊಲ, ಬೆಳೆಯ ಲೆಕ್ಕಕ್ಕೆ ಬರೋಣ. ವಿಟ್ನಿಯ ರೆಕಾರ್ಡ್ ಒಂದು ಬೆಳೆ. ಹೊಲ ಡಾಲಿಯದು.

1974ರಲ್ಲಿ ಡಾಲಿಯ ರೆಕಾರ್ಡ್ ಬಂದಾಗ, ಮಾರಾಟವಾದ ಪ್ರತಿಯೊಂದಕ್ಕೆ ಸಾಹಿತ್ಯ ಮತ್ತು ರಾಗದ ಕಡೆಯವರಿಗೆ ಕಾನೂನು ಗೊತ್ತುಮಾಡಿದ್ದ ದರ 2 ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಡಾಲರ್. 1909ರಿಂದ ಅದೇ ದರ ನಡೆದುಕೊಂಡು ಬಂದಿತ್ತು. 1992ರ ಹೊತ್ತಿಗೆ ಅದು 6.25 ಸೆಂಟ್ ಆಗಿತ್ತು. ಒಂದು ಲಕ್ಷ ಪ್ರತಿಗೆ 6,250 ಡಾಲರ್. ಲಕ್ಷವನ್ನು ಕೋಟಿ ಮಾಡಿ ನೋಡಿ, 6,25,000 ಡಾಲರ್. ಇದು ಮಾರಾಟದ ಬಾಬ್ತು ಮಾತ್ರ. ಸಿನಿಮಾದಲ್ಲಿ ಬಳಸಲು ಬೇರೆ ಒಪ್ಪಂದ, ಬೇರೆ ಶುಲ್ಕ.

ರೇಡಿಯೋದ ಲೆಕ್ಕ ಇನ್ನೂ ವಿಚಿತ್ರ. ಅಮೆರಿಕದಲ್ಲಿ ಮಾಮೂಲಿ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೂ ಪ್ರಕಾಶಕರಿಗೂ ದುಡ್ಡು ಹೋಗುತ್ತದೆ. ಹಾಡಿದವರಿಗೆ ಏನೂ ಇಲ್ಲ. ವಿಟ್ನಿಯ ಹಾಡನ್ನು ಆ 14 ವಾರ ಅಮೆರಿಕದ ರೇಡಿಯೋಗಳು ಸಾವಿರಾರು ಸಲ ಹಾಕಿದವು. ಅದರ ರಾಯಲ್ಟಿ ಹೋದದ್ದು ಡಾಲಿಯ ಕಡೆಗೆ. ಡಾಲಿ ಆ ಹಣದಲ್ಲಿ ಒಂದಷ್ಟನ್ನು ನ್ಯಾಷ್‌ವಿಲ್‌ನಲ್ಲಿ ಕಪ್ಪು ಜನ ವಾಸಿಸುವ ಬಡಾವಣೆಯೊಂದರಲ್ಲಿ ಕಟ್ಟಡ ಕೊಳ್ಳಲು ಹಾಕಿದರು. ಅದನ್ನು ವಿಟ್ನಿ ಕಟ್ಟಿಸಿದ ಮನೆ ಅಂದುಕೊಳ್ಳುತ್ತೇನೆ ಎಂದು 2021ರಲ್ಲಿ ಹೇಳಿದರು.

ನಮ್ಮಲ್ಲಿ ಹೇಗೆ? ನಮ್ಮ ಹಾಡುಗಳಲ್ಲಿ ಹೆಚ್ಚಿನವು ಸಿನಿಮಾಕ್ಕೆ ಬರೆದವು. ನಿರ್ಮಾಪಕರು ದುಡ್ಡು ಕೊಟ್ಟು ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ನಿರ್ಮಾಪಕರದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾಗಿ ನಮ್ಮ ಕವಿಗಳು, ಸಂಗೀತ ನಿರ್ದೇಶಕರು ಸಾಮಾನ್ಯವಾಗಿ ಒಂದು ಸಲದ ಸಂಭಾವನೆಗೇ ತೃಪ್ತಿಪಡಬೇಕಿತ್ತು. 2012ರಲ್ಲಿ ಕಾಪಿರೈಟ್ ಕಾನೂನಿಗೆ ತಿದ್ದುಪಡಿ ಬಂತು. ಥಿಯೇಟರಿನಲ್ಲಿ ಸಿನಿಮಾ ತೋರಿಸುವುದನ್ನು ಬಿಟ್ಟು, ರೇಡಿಯೋ, ಟಿವಿ ಮುಂತಾದ ಕಡೆ ಹಾಡು ಬಳಸಿದಾಗ ಬರುವ ರಾಯಲ್ಟಿಯಲ್ಲಿ ಸಾಹಿತ್ಯ ಮತ್ತು ಸಂಗೀತ ರಚಿಸಿದವರಿಗೆ ಸಮಪಾಲು ಇರಬೇಕು, ಅದನ್ನು ಅವರು ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ ಎಂದಾಯಿತು. ಪಾರ್ಕರ್ ಅಂಥವರ ಎದುರು ಒಬ್ಬಂಟಿಯಾಗಿ ಆಗುವುದಿಲ್ಲ ಅನ್ನುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅಂಥವರ ಪರವಾಗಿ ಈಗ ಕಾನೂನು ಆ ಮಾತು ಹೇಳುತ್ತದೆ.

ಇಬ್ಬರ ಕೊನೆಯ ಬೀಳ್ಕೊಡುಗೆ

2012ರ ಫೆಬ್ರವರಿ 11ರಂದು ವಿಟ್ನಿ ತೀರಿಕೊಂಡರು. ವಯಸ್ಸು 48. ಒಂದು ವಾರದ ನಂತರ, ಚಿಕ್ಕಂದಿನಲ್ಲಿ ಹಾಡುತ್ತಿದ್ದ ಅದೇ ನ್ಯೂ ಹೋಪ್ ಚರ್ಚಿನಲ್ಲಿ ಅಂತಿಮ ವಿದಾಯ. ಶವಪೆಟ್ಟಿಗೆಯನ್ನು ಹೊತ್ತು ಹೊರಗೆ ನಡೆಯುವಾಗ ಅವರ ದನಿಯಲ್ಲೇ ಈ ಹಾಡು ಕೇಳಿಸಿತು. ಆ ಹೊತ್ತಿನಲ್ಲಿ ಹಾಡಿನ ಒಂದೊಂದು ಸಾಲಿಗೂ ಅದರ ಮೊದಲಿನ ಅರ್ಥವೇ ಮರಳಿ ಬಂದಿತ್ತು. ಹಾಡು ಮತ್ತೆ ಅಮೆರಿಕದ ಪಟ್ಟಿಗೆ ಬಂದು ಮೂರನೆಯ ಸ್ಥಾನದ ತನಕ ಏರಿತು.

ಹಾಡು ಮೊದಲು ಯಾರಿಗಾಗಿ ಬರೆದದ್ದೋ ಆ ಪೋರ್ಟರ್ ಏನಾದರು? ಅಂದು ಅತ್ತು ಒಪ್ಪಿಕೊಂಡರೂ ಜಗಳ ಅಲ್ಲಿಗೇ ಮುಗಿದಿರಲಿಲ್ಲ. 1979ರಲ್ಲಿ ಪೋರ್ಟರ್ 30 ಲಕ್ಷ ಡಾಲರ್ ಕೇಳಿ ಡಾಲಿಯ ಮೇಲೆ ದಾವೆ ಹೂಡಿದರು. ಕೋರ್ಟಿನ ಹೊರಗೆ ರಾಜಿಯಾಯಿತು. ಇಬ್ಬರೂ ಮಾತು ಬಿಟ್ಟಿದ್ದ ವರ್ಷಗಳೂ ಇದ್ದವು. ಕಾಲ ಕಳೆದ ಹಾಗೆ ಸಿಟ್ಟು ಇಳಿಯಿತು.

2007ರ ಮೇ ತಿಂಗಳು. ಪೋರ್ಟರ್ ಗ್ರ್ಯಾಂಡ್ ಓಲ್ ಓಪ್ರಿ ಸೇರಿ 50 ವರ್ಷ ತುಂಬಿದ ಸಂಭ್ರಮ. ಡಾಲಿ ಬಂದರು. ಅಂದು ಕಚೇರಿಯಲ್ಲಿ ಅವರೊಬ್ಬರಿಗೇ ಹಾಡಿದ್ದ ಹಾಡನ್ನು ಈಗ ತುಂಬಿದ ಸಭೆಯಲ್ಲಿ ಅವರಿಗಾಗಿ ಹಾಡಿದರು. ಐದು ತಿಂಗಳ ನಂತರ, ಅಕ್ಟೋಬರ್ 28ರಂದು, ಪೋರ್ಟರ್ ನ್ಯಾಷ್‌ವಿಲ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ 80 ವರ್ಷ. ಆ ದಿನ ಡಾಲಿ ಅವರ ಮನೆಯವರ ಜತೆ ಹಾಸಿಗೆಯ ಪಕ್ಕದಲ್ಲಿ ಕೂತಿದ್ದರು. ಪ್ರಾರ್ಥನೆ ಮಾಡಿದರು, ಹಾಡಿದರು, ಆಮೇಲೆ ಎದ್ದು ಬಂದರು.